ಮೋಟರು ನಿಂತಿತು ಎಂದು ಸಾಕೆಟ್ ಹೇಳುವುದಿಲ್ಲ

ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೋಟಗಳಲ್ಲಿ ಪಂಪ್‌ಸೆಟ್ ಸ್ಟಾರ್ಟರಿನ ಪಕ್ಕ ಸಿಮ್ ಹಾಕಿದ ಸಣ್ಣ ಪೆಟ್ಟಿಗೆಯೊಂದು ಈಗ ಅಲ್ಲಲ್ಲಿ ಕಾಣುತ್ತದೆ. ವರ್ಷಪೂರ್ತಿ ಹರಿಯುವ ನದಿ ನಮ್ಮಲ್ಲಿಲ್ಲ. ಎಷ್ಟೋ ಕಡೆ ಬೋರು ಸಾವಿರ ಅಡಿ ದಾಟಿದೆ. ತ್ರೀ ಫೇಸ್ ಕರೆಂಟು ಪಾಳಿಯ ಪ್ರಕಾರ ಬರುತ್ತದೆ, ಒಮ್ಮೊಮ್ಮೆ ನಡುರಾತ್ರಿ. ಆ ಹೊತ್ತಿಗೆ ಟಾರ್ಚ್ ಹಿಡಿದು ತೋಟಕ್ಕೆ ಹೋಗುವುದು ಬೇಡ, ಮನೆಯಿಂದಲೇ ಮೋಟರು ಆನ್ ಮಾಡೋಣ ಅಂತ ರೈತರು ಈ ಪೆಟ್ಟಿಗೆ ಹಾಕಿಸುತ್ತಾರೆ. ಇಂಥ ಪೆಟ್ಟಿಗೆಗಳ ಜೊತೆ ಮಾತಾಡುವ ಸರ್ವರ್ ಬರೆಯುವುದು ನನ್ನ ಕೆಲಸ. ಬರೆಯುವುದು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ.

"ಪಿಎಚ್‌ಪಿ ಇರೋದು ವೆಬ್‌ಪೇಜಿಗೆ ಅಲ್ವಾ ಸಾರ್?" ಎಂದು ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಸಾಕೆಟ್ ಅಂದರೆ ಎರಡು ಪ್ರೋಗ್ರಾಂಗಳು ಜಾಲದ ಮೂಲಕ ಮಾತಾಡುವ ಕನೆಕ್ಷನ್ನಿನ ಒಂದು ತುದಿ. ಪಿಎಚ್‌ಪಿಯ ಸಾಕೆಟ್ ಎಕ್ಸ್‌ಟೆನ್ಶನ್ ಅಂದರೆ 1983ರ ಬರ್ಕ್ಲಿ ಯುನಿಕ್ಸ್‌ನಲ್ಲಿ ಬಂದ ಸಾಕೆಟ್ ಕರೆಗಳ ಮೇಲೆ ಹೊದಿಸಿದ ತೆಳು ಹೊದಿಕೆ. ಸಾಕೆಟ್_ಕ್ರಿಯೇಟ್, ಸಾಕೆಟ್_ಬೈಂಡ್, ಸಾಕೆಟ್_ಲಿಸನ್, ಸಾಕೆಟ್_ಆಕ್ಸೆಪ್ಟ್. ಹೆಸರುಗಳೂ ಅವೇ, ನಡತೆಯೂ ಅದೇ. ಸಿ ಭಾಷೆಯಲ್ಲಿ ಬರೆದರೆ ಯಾವ ಕಷ್ಟ ಬರುತ್ತದೋ ಇಲ್ಲಿಯೂ ಅದೇ ಬರುತ್ತದೆ. ನಮ್ಮ ವೆಬ್‌ಸೈಟ್ ಆಗಲೇ ಪಿಎಚ್‌ಪಿಯಲ್ಲಿದೆ, ನಮ್ಮೂರಿನ ಬಿಸಿಎ ಮಕ್ಕಳಿಗೆ ಪಿಎಚ್‌ಪಿ ಬರುತ್ತದೆ. ಒಂದೇ ಭಾಷೆಯಲ್ಲಿ ಎಲ್ಲ ಇದ್ದರೆ ನಾನು ಊರಲ್ಲಿಲ್ಲದ ದಿನವೂ ಬೇರೊಬ್ಬರು ಸರಿಮಾಡಬಹುದು.

ಬದಲಾಗಬೇಕಾದದ್ದು ಯೋಚನೆ ಮಾಡುವ ರೀತಿ. ವೆಬ್‌ಪೇಜಿನ ಪಿಎಚ್‌ಪಿ ಕ್ಷಣಮಾತ್ರ ಬದುಕುತ್ತದೆ. ಕೇಳಿದ್ದಕ್ಕೆ ಉತ್ತರ ಕೊಟ್ಟು ಮುಗಿಯುತ್ತದೆ, ಮೆಮೊರಿ ತಾನಾಗಿ ಖಾಲಿಯಾಗುತ್ತದೆ. ಸಾಕೆಟ್ ಸರ್ವರ್ ತಿಂಗಳುಗಟ್ಟಲೆ ಎದ್ದಿರಬೇಕು. ಅದನ್ನು ಬ್ರೌಸರಿನಿಂದ ಚಾಲೂ ಮಾಡಬೇಡಿ. ಕಮಾಂಡ್ ಲೈನಿನಲ್ಲಿ ಓಡಿಸಿ, ಅಲ್ಲಿ ಸಮಯದ ಮಿತಿ ಮೊದಲೇ ಸೊನ್ನೆ, ಅಂದರೆ ಮಿತಿಯೇ ಇಲ್ಲ. ಬಿದ್ದರೆ ಎಬ್ಬಿಸಲು, ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಸಿಸ್ಟಂಡಿಗೆ ಒಪ್ಪಿಸಿ. ಬೈಂಡ್ ಮಾಡುವ ಮೊದಲು, ಅಂದರೆ ಸರ್ವರ್ ತನ್ನ ಪೋರ್ಟನ್ನು (ಕನೆಕ್ಷನ್ ಬರುವ ಬಾಗಿಲಿನ ನಂಬರನ್ನು) ಹಿಡಿಯುವ ಮೊದಲು, ವಿಳಾಸ ಮರುಬಳಕೆಯ ಆಯ್ಕೆಯನ್ನು, ಅಂದರೆ ಎಸ್‌ಒ_ರೀಯೂಸ್‌ಅಡ್ರೆಸ್ ಅನ್ನು, ಆನ್ ಮಾಡಿ. ಇಲ್ಲದಿದ್ದರೆ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡುವಾಗ ಹಳೆಯ ಕನೆಕ್ಷನ್‌ಗಳ ಉಳಿಕೆ ಲಿನಕ್ಸ್‌ನಲ್ಲಿ ಒಂದು ನಿಮಿಷ ಪೋರ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಇವೆಲ್ಲ ಒಮ್ಮೆ ಮಾಡಿ ಮರೆಯುವ ಕೆಲಸ.

ನಿಜವಾದ ವಿಷಯ ಶುರುವಾಗುವುದು ಓದುವಾಗ. ಪೆಟ್ಟಿಗೆಗೂ ಸರ್ವರಿಗೂ ನಡುವೆ ಬೈಟುಗಳನ್ನು ಸಾಗಿಸುವ ಪದ್ಧತಿಯ ಹೆಸರು ಟಿಸಿಪಿ. ಟಿಸಿಪಿ ಅಂದರೆ ಒಂದು ಪೈಪು. ಆ ತುದಿಯಲ್ಲಿ ಎರಡು ಬಿಂದಿಗೆ ನೀರು ಸುರಿದರೆ ಈ ತುದಿಯಲ್ಲಿ ಮೊದಲನೇ ಬಿಂದಿಗೆ ಎಲ್ಲಿ ಮುಗಿಯಿತು ಅಂತ ಹೇಳಲು ಆಗುವುದಿಲ್ಲ. ಬೈಟುಗಳು ಕ್ರಮವಾಗಿ ಬರುತ್ತವೆ ಅಂತ ಟಿಸಿಪಿ ಮಾತು ಕೊಡುತ್ತದೆ. ಎಲ್ಲಿ ತುಂಡಾಗುತ್ತವೆ ಅನ್ನುವುದರ ಬಗ್ಗೆ ಯಾವ ಮಾತೂ ಇಲ್ಲ.

ಒಂದು ಪೆಟ್ಟಿಗೆ ಹೀಗೆ ಕಳಿಸುತ್ತದೆ ಅಂದುಕೊಳ್ಳಿ: ತನ್ನ ನಂಬರು 117, ವೋಲ್ಟೇಜು 412, ಆಂಪ್ಸು 9.6, ಮೋಟರಿನ ಸ್ಥಿತಿ 1. ನಡುವೆ ಅಲ್ಪವಿರಾಮ, ಕೊನೆಗೆ ಹೊಸ ಸಾಲಿನ ಗುರುತು. ಆಫೀಸಿನ ಮೇಜಿನ ಮೇಲೆ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಒಂದು ಸಲ ಕಳಿಸಿದ್ದು ಒಂದು ಸಲಕ್ಕೇ ಪೂರ್ತಿ ಸಿಗುತ್ತದೆ. ಆದ್ದರಿಂದ ಒಂದು ಸಾಕೆಟ್_ರೀಡ್ ಅಂದರೆ ಒಂದು ಸಂದೇಶ ಅಂತ ಅನಿಸಿಬಿಡುತ್ತದೆ. ಸಿಗ್ನಲ್ ಕಡಿಮೆ ಇರುವ ತೋಟದಿಂದ ಅದೇ ಸಾಲು "117,41" ಅಂತ ಒಮ್ಮೆ, "2,9.6,1" ಅಂತ ಮತ್ತೊಮ್ಮೆ ಬರಬಹುದು. ಮೊದಲ ತುಂಡನ್ನೇ ಪೂರ್ತಿ ಅಂತ ನಂಬಿದ ಪ್ರೋಗ್ರಾಂ ವೋಲ್ಟೇಜು 41 ಅಂತ ಓದುತ್ತದೆ. ಲೋ ವೋಲ್ಟೇಜು ಅಂತ ರೈತನಿಗೆ ಸಂದೇಶ ಹೋಗುತ್ತದೆ. ಆತ ಎದ್ದು ತೋಟಕ್ಕೆ ಓಡುತ್ತಾನೆ. ಅಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ.

ಇದಕ್ಕೆ ಪರಿಹಾರ ಪ್ರತಿ ಕನೆಕ್ಷನ್‌ಗೂ ಒಂದೊಂದು ಬಫರ್, ಅಂದರೆ ಬಂದದ್ದನ್ನು ಕೂಡಿಡುವ ಜಾಗ. ಬಂದ ಬೈಟುಗಳನ್ನು ಅದರ ಬಾಲಕ್ಕೆ ಸೇರಿಸುತ್ತಾ ಹೋಗಿ. ಹೊಸ ಸಾಲಿನ ಗುರುತು ಸಿಕ್ಕಾಗ ಮಾತ್ರ ಅಲ್ಲಿಯವರೆಗಿನದನ್ನು ಕತ್ತರಿಸಿ ಬಳಸಿ, ಮಿಕ್ಕಿದ್ದು ಮುಂದಿನ ಸಲಕ್ಕೆ ಇರಲಿ. ಒಂದೇ ಸಲಕ್ಕೆ ಎರಡೂವರೆ ಸಾಲು ಬರುವುದೂ ಉಂಟು, ಆದ್ದರಿಂದ ಕತ್ತರಿಸುವುದು ಲೂಪಿನೊಳಗೆ ಇರಬೇಕು. ಬಫರ್ ಇಷ್ಟು ಬೈಟು ದಾಟಿಯೂ ಸಾಲು ಮುಗಿಯದಿದ್ದರೆ ಆ ಕನೆಕ್ಷನ್ ಮುಚ್ಚಿಬಿಡಿ. ಇಂಟರ್ನೆಟ್ಟಿಗೆ ತೆರೆದ ಪೋರ್ಟಿಗೆ ನಿಮ್ಮ ಪೆಟ್ಟಿಗೆಗಳಷ್ಟೇ ಬರುವುದಿಲ್ಲ, ಸುಮ್ನೆ ಬಾಗಿಲು ತಟ್ಟುವವರು ಹಗಲೂ ರಾತ್ರಿ ಇರುತ್ತಾರೆ. ಪೆಟ್ಟಿಗೆ ತನ್ನ ಗುರುತನ್ನು ಗುಟ್ಟಿನ ಕೀಲಿಯಿಂದ ಸಾಬೀತು ಮಾಡುವವರೆಗೆ ಯಾವ ಸಾಲನ್ನೂ ನಂಬಬೇಡಿ.

ಪಿಎಚ್‌ಪಿ ಸಾಲು ಸಾಲಾಗಿ ಓದುವ ಒಂದು ಸುಲಭದ ದಾರಿಯನ್ನೂ ಕೊಡುತ್ತದೆ, ಪಿಎಚ್‌ಪಿ_ನಾರ್ಮಲ್_ರೀಡ್ ಅಂತ. ನಾನು ಅದನ್ನು ಬಳಸುವುದಿಲ್ಲ. ಮಾಮೂಲಿ ಬ್ಲಾಕಿಂಗ್ ಸಾಕೆಟ್ಟಿನಲ್ಲಿ, ಅಂದರೆ ಡೇಟಾ ಬರುವವರೆಗೆ ಕಾಯುತ್ತಾ ನಿಲ್ಲುವ ಸಾಕೆಟ್ಟಿನಲ್ಲಿ, ಒಂದು ಪೆಟ್ಟಿಗೆ ಅರ್ಧ ಸಾಲು ಕಳಿಸಿ ಸುಮ್ಮನಾದರೆ ಉಳಿದರ್ಧಕ್ಕೆ ಇಡೀ ಸರ್ವರ್ ಕಾಯುತ್ತಾ ನಿಲ್ಲುತ್ತದೆ. ಒಂದು ತೋಟದ ಸಿಗ್ನಲ್ ಹೋದದ್ದಕ್ಕೆ ಎಲ್ಲ ತೋಟಗಳೂ ನಿಂತ ಹಾಗೆ.

ಸಾಕೆಟ್_ರೀಡ್ ಏನು ಹಿಂತಿರುಗಿಸುತ್ತದೆ ಅನ್ನುವುದನ್ನು ನಿಧಾನವಾಗಿ ಓದಿಕೊಳ್ಳಿ. ಆ ಕಡೆಯವರು ಕನೆಕ್ಷನ್ ಮುಚ್ಚಿದ್ದರೆ ಖಾಲಿ ಸ್ಟ್ರಿಂಗ್. ತಪ್ಪಾಗಿದ್ದರೆ ಫಾಲ್ಸ್, ಅಂದರೆ ಸುಳ್ಳು. ಬ್ಲಾಕ್ ಆಗದ ಸಾಕೆಟ್ಟಿನಲ್ಲಿ ಸದ್ಯಕ್ಕೆ ಏನೂ ಇಲ್ಲ ಅಂದಾಗಲೂ ಫಾಲ್ಸೇ ಬರುತ್ತದೆ, ಆಗ ಎರರ್ ನಂಬರು ನೋಡಬೇಕು. ಲಿನಕ್ಸ್‌ನಲ್ಲಿ ಅದು 11 ಆಗಿದ್ದರೆ ಗಾಬರಿ ಬೇಡ, ಆಮೇಲೆ ಬಾ ಅಂತ ಅರ್ಥ. ಇನ್ನೊಂದು ಅಪಾಯ ಪಿಎಚ್‌ಪಿಯದೇ ಸ್ವಂತದ್ದು. ಈ ಭಾಷೆಯಲ್ಲಿ "0" ಅನ್ನುವ ಸ್ಟ್ರಿಂಗ್ ಕೂಡ ಸುಳ್ಳು ಅಂತಲೇ ಲೆಕ್ಕ. ಮೋಟರು ಆಫ್ ಆಗಿದೆ ಅಂತ ಬಂದ ಸೊನ್ನೆಯೊಂದೇ ಒಂದು ತುಂಡಾಗಿ ಸಿಕ್ಕಿತು ಅಂದುಕೊಳ್ಳಿ. ಡೇಟಾ ಇಲ್ಲವಾ ಅಂತ ಆಶ್ಚರ್ಯಸೂಚಕ ಹಾಕಿ ಕೇಳಿದ ಕೋಡು ಕನೆಕ್ಷನ್ ಹೋಯಿತು ಅಂತ ತಿಳಿಯುತ್ತದೆ. ಮೂರು ಸಮ ಚಿಹ್ನೆ ಹಾಕಿಯೇ ಹೋಲಿಸಿ.

ಕನ್ನಡ ಕಳಿಸುವವರಿಗೆ ಒಂದು ಮಾತು. ಸಾಲಿನ ಗುರುತಿನ ಬದಲು ಮೊದಲೇ ಉದ್ದ ಹೇಳಿ ಆಮೇಲೆ ಸಂದೇಶ ಕಳಿಸುವ ಪದ್ಧತಿಯೂ ಇದೆ, ಒಳ್ಳೆಯ ಪದ್ಧತಿ. ಆದರೆ ಆ ಉದ್ದ ಬೈಟುಗಳಲ್ಲಿ ಇರಬೇಕು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟು. "ಕೋಲಾರ" ಅಂದರೆ ಕ, ಓತ್ವ, ಲ, ದೀರ್ಘ, ರ ಸೇರಿ 5 ಚಿಹ್ನೆ, 15 ಬೈಟು. ಎಂಬಿ_ಸ್ಟ್ರ್‌ಲೆನ್ 5 ಅನ್ನುತ್ತದೆ, ಸ್ಟ್ರ್‌ಲೆನ್ 15 ಅನ್ನುತ್ತದೆ. ಸಾಕೆಟ್ಟಿಗೆ ಬೇಕಾದದ್ದು 15.

ಒಂದೇ ಪ್ರೋಗ್ರಾಂ ನೂರಾರು ಪೆಟ್ಟಿಗೆಗಳನ್ನು ನೋಡಿಕೊಳ್ಳುವುದು ಸಾಕೆಟ್_ಸೆಲೆಕ್ಟ್‌ನಿಂದ. ಕನೆಕ್ಷನ್‌ಗಳ ಪಟ್ಟಿ ಕೊಟ್ಟರೆ ಯಾವುದರಲ್ಲಿ ಓದಲು ಇದೆಯೋ ಅಷ್ಟನ್ನೇ ಉಳಿಸಿ ಕೊಡುತ್ತದೆ. ಕೊಟ್ಟ ಪಟ್ಟಿಯನ್ನೇ ಬದಲಾಯಿಸುತ್ತದೆ, ಆದ್ದರಿಂದ ಪ್ರತಿ ಸಲವೂ ನಕಲು ಕೊಡಿ. ಕಾಯುವ ಸಮಯ ಸೊನ್ನೆ ಇಟ್ಟರೆ ಪ್ರೊಸೆಸರ್ ಸುಮ್ನೆ ಬಿಸಿಯಾಗುತ್ತದೆ, ನಲ್ ಇಟ್ಟರೆ ಯಾರಾದರೂ ಮಾತಾಡುವವರೆಗೆ ಮಲಗಿಬಿಡುತ್ತದೆ. ನಾನು 1 ಸೆಕೆಂಡ್ ಇಡುತ್ತೇನೆ. ಈ ಲೂಪಿನೊಳಗೆ ಯಾವ ಕೆಲಸವೂ ನಿಧಾನ ಮಾಡಬಾರದು. ಒಂದು ಭಾರದ ಡೇಟಾಬೇಸ್ ಕ್ವೆರಿ ಸಾಕು, ಎಲ್ಲರೂ ಕಾಯುತ್ತಾರೆ. ಮೈಎಸ್‌ಕ್ಯುಎಲ್ ಕನೆಕ್ಷನ್ ಕೂಡ 28,800 ಸೆಕೆಂಡ್, ಅಂದರೆ 8 ಗಂಟೆ, ಯಾರೂ ಮಾತಾಡಿಸದಿದ್ದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಕರೆಂಟಿಲ್ಲದ ಉದ್ದ ರಾತ್ರಿಯ ನಂತರ ಬೆಳಗಿನ ಮೊದಲ ದಾಖಲೆ ಬಿದ್ದುಹೋಗುವುದು ಇದರಿಂದಲೇ. ಬರೆಯುವ ಮೊದಲು ಡೇಟಾಬೇಸ್ ಇದೆಯಾ ನೋಡಿ, ಇಲ್ಲದಿದ್ದರೆ ಮತ್ತೆ ಜೋಡಿಸಿ.

ಈಗ ನಮ್ಮ ಭಾಗದ್ದೇ ಆದ ವಿಷಯಕ್ಕೆ ಬರುತ್ತೇನೆ. ವೆಬ್‌ಸೈಟಿಗೆ ಜನ ಒಬ್ಬೊಬ್ಬರಾಗಿ ಬರುತ್ತಾರೆ. ಪಂಪ್‌ಸೆಟ್ಟುಗಳು ಹಾಗೆ ಬರುವುದಿಲ್ಲ. ಫೀಡರಿಗೆ ತ್ರೀ ಫೇಸ್ ಕೊಟ್ಟ ಕ್ಷಣ ಆ ಲೈನಿನ ಅಷ್ಟೂ ಪೆಟ್ಟಿಗೆಗಳು ಒಟ್ಟಿಗೆ ಎದ್ದು ಸರ್ವರಿನ ಬಾಗಿಲಿಗೆ ಬರುತ್ತವೆ. ಸಾಕೆಟ್_ಲಿಸನ್‌ಗೆ ಎರಡನೇ ಸಂಖ್ಯೆಯಾಗಿ, ಬಾಗಿಲಲ್ಲಿ ಎಷ್ಟು ಕನೆಕ್ಷನ್‌ಗಳು ಕ್ಯೂ ನಿಂತು ಕಾಯಬಹುದು ಅನ್ನುವುದನ್ನು ಕೊಡಬಹುದು. ಕೊಡದಿದ್ದರೆ ಪಿಎಚ್‌ಪಿ ಅದನ್ನು ಸೊನ್ನೆ ಅಂತ ಇಟ್ಟುಕೊಳ್ಳುತ್ತದೆ. ಒಂದಷ್ಟು ನೂರು ಕೊಡಿ. ಲಿನಕ್ಸ್ ಕರ್ನಲ್ಲಿನ, ಅಂದರೆ ಅದರ ಒಳತಿರುಳಿನ, ಮೇಲ್ಮಿತಿ ಹಿಂದೆ 128 ಇತ್ತು, 5.4ನೇ ಆವೃತ್ತಿಯಿಂದ 4096 ಆಗಿದೆ, ಹಳೆಯ ಸರ್ವರಾದರೆ ಅದನ್ನೂ ಏರಿಸಬೇಕು. ಪೆಟ್ಟಿಗೆ ಮಾಡುವವರಿಗೆ ನಾನು ಕೇಳಿಕೊಳ್ಳುವುದು ಒಂದೇ: ಕರೆಂಟು ಬಂದ ತಕ್ಷಣ ಕರೆಯಬೇಡಿ, ಒಂದು ನಿಮಿಷದೊಳಗೆ ಯಾವುದೋ ಒಂದು ಸೆಕೆಂಡ್ ಆರಿಸಿಕೊಂಡು ಕರೆಯಿರಿ.

ಕರೆಂಟು ಬರುವುದಕ್ಕಿಂತ ಹೋಗುವುದು ಜಾಸ್ತಿ ತೊಂದರೆ. ಪ್ರೋಗ್ರಾಂ ಸರಿಯಾಗಿ ಮುಗಿದರೆ ಅದರ ಆಪರೇಟಿಂಗ್ ಸಿಸ್ಟಂ "ಮುಗಿಯಿತು" ಅಂತ ಒಂದು ಪ್ಯಾಕೆಟ್ ಕಳಿಸಿಯೇ ಹೋಗುತ್ತದೆ. ಕರೆಂಟು ಹೋದ ಪೆಟ್ಟಿಗೆ ಏನನ್ನೂ ಕಳಿಸುವುದಿಲ್ಲ. ಸರ್ವರಿನ ಕಣ್ಣಿಗೆ ಆ ಕನೆಕ್ಷನ್ ಇನ್ನೂ ಜೀವಂತ. ಸಾಕೆಟ್_ಸೆಲೆಕ್ಟ್ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆ ಕಡೆ ಜೀವ ಇದೆಯಾ ಅಂತ ವಿಚಾರಿಸುವ ಟಿಸಿಪಿಯ ಕೀಪ್‌ಅಲೈವ್ ಆನ್ ಮಾಡಿದರೂ ಲಿನಕ್ಸ್ ಮೊದಲ ಸಲ ವಿಚಾರಿಸುವುದು 7,200 ಸೆಕೆಂಡ್ ಆದ ಮೇಲೆ. ಎರಡು ಗಂಟೆಯಲ್ಲಿ ಒಂದು ಪಾಳಿಯ ಕರೆಂಟೇ ಮುಗಿದಿರಬಹುದು. ಕರೆಂಟು ಬಂದಾಗ ಪೆಟ್ಟಿಗೆ ಹೊಸ ಕನೆಕ್ಷನ್ ಮಾಡುತ್ತದೆ, ಹಳೆಯದು ಪಟ್ಟಿಯಲ್ಲೇ ಉಳಿಯುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬಂದರೆ ಸತ್ತ ಕನೆಕ್ಷನ್‌ಗಳು ಗುಡ್ಡೆಯಾಗುತ್ತವೆ. ಸೆಲೆಕ್ಟ್‌ಗೆ ಸಾಮಾನ್ಯವಾಗಿ 1,024 ಕನೆಕ್ಷನ್‌ಗಳ ಮಿತಿ ಇದೆ. ಬದುಕಿರುವ ಪೆಟ್ಟಿಗೆಗಳು ಮುನ್ನೂರೇ ಇದ್ದರೂ ಆ ಮಿತಿ ಮುಟ್ಟಬಹುದು.

ಆದ್ದರಿಂದ ಜೀವ ಇದೆಯಾ ಅಂತ ನೋಡುವ ಕೆಲಸವನ್ನು ನಿಮ್ಮ ಕೋಡೇ ಮಾಡಬೇಕು. ಪೆಟ್ಟಿಗೆ 30 ಸೆಕೆಂಡಿಗೊಮ್ಮೆ ಒಂದು ಸಣ್ಣ ಸಾಲು ಕಳಿಸಲಿ. 90 ಸೆಕೆಂಡ್ ಸದ್ದಿಲ್ಲದಿದ್ದರೆ ಸರ್ವರ್ ಕನೆಕ್ಷನ್ ಮುಚ್ಚಿ, ಅದರ ಬಫರನ್ನೂ ಅಳಿಸಲಿ. ಅದೇ ನಂಬರಿನ ಪೆಟ್ಟಿಗೆ ಮತ್ತೆ ಬಂದರೆ ಹಳೆಯದನ್ನು ತಕ್ಷಣ ಕಿತ್ತು ಹೊಸದನ್ನು ಇಟ್ಟುಕೊಳ್ಳಲಿ. ಈ ಸಣ್ಣ ಸಾಲಿನಿಂದ ಇನ್ನೊಂದು ಲಾಭವೂ ಇದೆ. ಸಿಮ್ ಇರುವುದು ಮೊಬೈಲ್ ಕಂಪನಿಯ ಒಳಜಾಲದಲ್ಲಿ, ಸರ್ವರ್ ತಾನಾಗಿ ಅದನ್ನು ಕರೆಯಲು ಆಗುವುದಿಲ್ಲ. ಪೆಟ್ಟಿಗೆ ತೆರೆದಿಟ್ಟ ದಾರಿಯೊಂದೇ ಇರುವುದು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಆ ದಾರಿಯನ್ನೂ ನಡುವಿನ ಜಾಲ ಮುಚ್ಚಿಬಿಡುತ್ತದೆ. ಪೆಟ್ಟಿಗೆಗಳು ಸಾವಿರದ ಹತ್ತಿರ ಬಂದಾಗ ಸೆಲೆಕ್ಟ್ ಬಿಟ್ಟು, ಆ ಮಿತಿಯಿಲ್ಲದ ಲಿನಕ್ಸ್‌ನ ಇಪೋಲ್ ಬಳಸುವ ಸ್ವೂಲ್‌ಗೋ, ಈವೆಂಟ್ ಎಕ್ಸ್‌ಟೆನ್ಶನ್ ಹಾಕಿದ ರಿಯಾಕ್ಟ್‌ಪಿಎಚ್‌ಪಿಗೋ ಹೋಗಿ (ಎಕ್ಸ್‌ಟೆನ್ಶನ್ ಇಲ್ಲದ ರಿಯಾಕ್ಟ್‌ಪಿಎಚ್‌ಪಿ ಸೆಲೆಕ್ಟನ್ನೇ ಬಳಸುತ್ತದೆ). ಅಲ್ಲಿಯೂ ಸಾಲು ಹೇಗೆ ಕತ್ತರಿಸಬೇಕು, ಜೀವ ಹೇಗೆ ನೋಡಬೇಕು ಅಂತ ಹೇಳುವ ಕೆಲಸ ನಿಮ್ಮದೇ.

ಬರೆಯುವ ಬದಿಗೆ ಬಂದರೆ ವಿಷಯ ಗಂಭೀರವಾಗುತ್ತದೆ. ಸಾಕೆಟ್_ರೈಟ್ ಇಷ್ಟು ಬೈಟು ಹೋಯಿತು ಅಂತ ಒಂದು ಸಂಖ್ಯೆ ಕೊಡುತ್ತದೆ. ಕೇಳಿದ್ದಕ್ಕಿಂತ ಕಡಿಮೆ ಇದ್ದರೆ ಮಿಕ್ಕಿದ್ದನ್ನು ಇಟ್ಟುಕೊಂಡು ಮತ್ತೆ ಕಳಿಸಬೇಕು, ಅದು ಸರಿ. ಆದರೆ ಪೂರ್ತಿ ಸಂಖ್ಯೆ ಬಂದರೂ ಅದರ ಅರ್ಥ ನಮ್ಮ ಸರ್ವರಿನ ಕರ್ನಲ್ ಬೈಟುಗಳನ್ನು ತೆಗೆದುಕೊಂಡಿತು ಅಂತ ಮಾತ್ರ. ತೋಟಕ್ಕೆ ಮುಟ್ಟಿತು ಅಂತ ಅಲ್ಲ. ಮೋಟರು ನಿಂತಿತು ಅಂತಂತೂ ಅಲ್ಲವೇ ಅಲ್ಲ. ಆ ಕಡೆ ಸತ್ತಿದ್ದರೆ ಲಿನಕ್ಸ್ ಮತ್ತೆ ಮತ್ತೆ ಕಳಿಸುತ್ತಾ ಸುಮಾರು 15 ನಿಮಿಷ ಕಳೆದ ಮೇಲೆ ಕೈಬಿಡುತ್ತದೆ. ಅಲ್ಲಿಯವರೆಗೆ ನಿಮಗೆ ಎರರ್ ಬರುವುದಿಲ್ಲ.

ರೈಟ್ ಆದ ಕೂಡಲೇ ಮೊಬೈಲಿನಲ್ಲಿ "ಮೋಟರು ಆಫ್" ಅಂತ ತೋರಿಸುವ ಆ್ಯಪ್‌ಗಳನ್ನು ನಾನು ನೋಡಿದ್ದೇನೆ. ಆ ಪರದೆ ನಂಬಿ ಒಬ್ಬರು ಸ್ಟಾರ್ಟರಿನ ಮುಚ್ಚಳ ತೆಗೆಯುತ್ತಾರೆ, ಕೇಬಲ್ ಮುಟ್ಟುತ್ತಾರೆ. 415 ವೋಲ್ಟಿನ ಲೈನು ಅದು. ಮುಚ್ಚಳ ತೆಗೆಯುವ ಮೊದಲು ಮೇನ್ ಸ್ವಿಚ್ಚನ್ನು ಕೈಯಿಂದಲೇ ಇಳಿಸಬೇಕು ಅಂತ ಪೆಟ್ಟಿಗೆಯ ಮೇಲೇ ಕನ್ನಡದಲ್ಲಿ ಬರೆದಿರಬೇಕು. ಪರದೆ "ಕಳಿಸಿದೆ" ಅಂತ ಮಾತ್ರ ಹೇಳಬೇಕು. ಪ್ರತಿ ಆಜ್ಞೆಗೂ ಒಂದು ನಂಬರು ಕೊಡಿ. ಪೆಟ್ಟಿಗೆ ಕರೆಂಟಿನ ಆಂಪ್ಸ್ ಅಳೆದು, ಅದೇ ನಂಬರಿನ ಜೊತೆ ಸೊನ್ನೆ ಅಂತ ವಾಪಸು ಹೇಳಿದ ಮೇಲೆ "ನಿಂತಿದೆ" ಅಂತ ತೋರಿಸಿ.

ಆಫ್‌ಗಿಂತ ಆನ್ ಇನ್ನೂ ಅಪಾಯ. ಸಿಗ್ನಲ್ ಇಲ್ಲದಾಗ ಆನ್ ಒತ್ತಿದಿರಿ. ಏನೂ ಆಗಲಿಲ್ಲ. ಮೆಕ್ಯಾನಿಕ್‌ನನ್ನು ತೋಟಕ್ಕೆ ಕಳಿಸಿದಿರಿ. ಹತ್ತು ನಿಮಿಷದ ಮೇಲೆ ಸಿಗ್ನಲ್ ಬಂತು. ಸರ್ವರ್ ಆ ಕನೆಕ್ಷನ್ ಇನ್ನೂ ಮುಚ್ಚಿರದಿದ್ದರೆ ಟಿಸಿಪಿ ಕೊಟ್ಟ ಮಾತಿನಂತೆ ಆ ಹಳೆಯ ಆಜ್ಞೆಯನ್ನು ಮುಟ್ಟಿಸಬಹುದು, ಅವನ ಕೈ ಅಲ್ಲಿರುವಾಗಲೇ. ಆದ್ದರಿಂದ ಪ್ರತಿ ಆಜ್ಞೆಯಲ್ಲೂ ಅದು ಯಾವ ಹೊತ್ತಿನವರೆಗೆ ನಡೆಯುತ್ತದೆ ಅನ್ನುವುದು ಇರಬೇಕು. ಪೆಟ್ಟಿಗೆ ತನ್ನ ಗಡಿಯಾರವನ್ನು ಸರ್ವರಿನಿಂದ ಸರಿಮಾಡಿಕೊಂಡು, 20 ಸೆಕೆಂಡ್ ದಾಟಿದ ಆನ್ ಅನ್ನು ಎಸೆಯಬೇಕು.

ಇದನ್ನು ಪರೀಕ್ಷೆ ಮಾಡುವಾಗ ಪೆಟ್ಟಿಗೆಯನ್ನು ಮೆನುವಿನಿಂದ ಆಫ್ ಮಾಡಬೇಡಿ. ಮೋಟರಿನ ಬದಲು ಒಂದು ಬಲ್ಬು ಜೋಡಿಸಿ, ಆಂಟೆನಾ ಕಳಚಿ, ಸಿಗ್ನಲ್ ಪೂರ್ತಿ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಮೊಬೈಲಿನಿಂದ ಆನ್ ಒತ್ತಿ. ಒಂದು ನಿಮಿಷ ಬಿಟ್ಟು, ಸರ್ವರ್ ಕನೆಕ್ಷನ್ ಮುಚ್ಚುವ 90 ಸೆಕೆಂಡ್ ಆಗುವ ಮೊದಲೇ, ಆಂಟೆನಾ ಹಾಕಿ. ಪೆಟ್ಟಿಗೆ ಮತ್ತೆ ಸರ್ವರಿಗೆ ಸಿಗಬೇಕು, ಬಲ್ಬು ಹತ್ತಬಾರದು. ಹತ್ತಿದರೆ ಆ ಪೆಟ್ಟಿಗೆಯನ್ನು ಯಾರ ತೋಟಕ್ಕೂ ಕಳಿಸಬೇಡಿ.