ಇಡ್ಲಿಯ ಲೆಕ್ಕ ಬೇರೆ, ದೋಸೆಯ ಲೆಕ್ಕ ಬೇರೆ

ಎಂಟನೇ ಕ್ಲಾಸಿನಲ್ಲಿ ಅನುಪಾತದ ಪಾಠ ಶುರು ಮಾಡುವಾಗ ನಾನು ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆಯುತ್ತೇನೆ. ಒಂದು ದೋಸೆ ಬೇಯಲು 2 ನಿಮಿಷ ಬೇಕು, ಒಂದೇ ಕಾವಲಿಯ ಮೇಲೆ 8 ದೋಸೆ ಹಾಕಲು ಎಷ್ಟು ಹೊತ್ತು ಬೇಕು? ಒಂದು ತಟ್ಟೆ ಇಡ್ಲಿ ಬೇಯಲು 12 ನಿಮಿಷ ಬೇಕು, ಅದೇ ಪಾತ್ರೆಯಲ್ಲಿ 4 ತಟ್ಟೆ ಇಟ್ಟರೆ ಎಷ್ಟು ಹೊತ್ತು?

ಮೊದಲನೆಯದಕ್ಕೆ 16 ಅಂತ ಉತ್ತರ ಬರುತ್ತದೆ. ಸರಿ. ಎರಡನೆಯದಕ್ಕೂ ಅದೇ ಜೋರಿನಲ್ಲಿ 48 ಅಂತ ಕೂಗುತ್ತಾರೆ. ಒಂದಿಬ್ಬರು ಮಾತ್ರ ಸುಮ್ಮನಿರುತ್ತಾರೆ, ಆಮೇಲೆ ನಗುತ್ತಾರೆ. ಮನೆಯಲ್ಲಿ ಅಡುಗೆ ಕಟ್ಟೆಯ ಹತ್ತಿರ ನಿಂತು ನೋಡಿದ ಮಕ್ಕಳು ಅವರು. ಇಡ್ಲಿ ತಟ್ಟೆ ಒಂದಿರಲಿ, ನಾಲ್ಕಿರಲಿ, ಹಬೆ ಎಲ್ಲಕ್ಕೂ ಒಟ್ಟಿಗೇ ತಾಗುತ್ತದೆ. ಹೆಚ್ಚುಕಡಿಮೆ ಅದೇ 12 ನಿಮಿಷ ಸಾಕು.

48 ಅಂದ ಮಕ್ಕಳಿಗೆ ಗುಣಾಕಾರ ಬರುವುದಿಲ್ಲ ಅಂತಲ್ಲ. ಚೆನ್ನಾಗಿಯೇ ಬರುತ್ತದೆ. ಮೂರು ಸಂಖ್ಯೆ ಕಂಡ ತಕ್ಷಣ ಅಡ್ಡ ಗುಣಾಕಾರಕ್ಕೆ ಕೈ ಹಾಕುವ ಅಭ್ಯಾಸ ಅವರಿಗೆ ಆಗಿಬಿಟ್ಟಿದೆ. ಅದರಲ್ಲಿ ನಮ್ಮ ಪಾಲೂ ಇದೆ. 'ಒಂದು ಹೆಚ್ಚಾದಾಗ ಇನ್ನೊಂದೂ ಹೆಚ್ಚಾದರೆ ನೇರ ಅನುಪಾತ, ಒಂದು ಹೆಚ್ಚಾದಾಗ ಇನ್ನೊಂದು ಕಡಿಮೆಯಾದರೆ ವಿಲೋಮ ಅನುಪಾತ' ಅಂತ ಟ್ಯೂಷನ್ನುಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಪರೀಕ್ಷೆಯಲ್ಲಿ ಇದು ಸಾಕಾಗುತ್ತದೆ, ಯಾಕೆಂದರೆ ಅಲ್ಲಿ ಕೊಡುವ ಲೆಕ್ಕಗಳೆಲ್ಲ ಈ ಎರಡರಲ್ಲಿ ಒಂದೇ ಆಗಿರುತ್ತವೆ. ಸ್ಕೂಲಿನ ಗೇಟು ದಾಟಿದರೆ ಸಾಕಾಗುವುದಿಲ್ಲ. ಹೆಚ್ಚಾಗುವುದು ಬೇರೆ, ಅದೇ ಪಟ್ಟಿನಲ್ಲಿ ಹೆಚ್ಚಾಗುವುದು ಬೇರೆ.

ನಾನು ಕೇಳಿಸುವುದು ಒಂದೇ ಪ್ರಶ್ನೆ: ಇಲ್ಲಿ ಯಾವುದು ಬದಲಾಗುವುದಿಲ್ಲ? ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಪ್ರತಿ ಸಲವೂ ಅದೇ ಉತ್ತರ ಬರುತ್ತದೆಯೇ? ಹಾಗಾದರೆ ನೇರ. ಎರಡನ್ನೂ ಗುಣಿಸಿದರೆ ಪ್ರತಿ ಸಲವೂ ಅದೇ ಉತ್ತರವೇ? ಹಾಗಾದರೆ ವಿಲೋಮ. ಎರಡೂ ಅಲ್ಲವೇ? ಪೆನ್ನು ಕೆಳಗಿಡಿ, ಬೇರೆ ದಾರಿ ಹುಡುಕಿ.

ನೀರಿನ ಟ್ಯಾಂಕರ್ ತೆಗೆದುಕೊಳ್ಳೋಣ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ದರ ಗೊತ್ತು ಮಾಡಿತು. 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ನೀರು ಜಾಸ್ತಿಯಾದಂತೆ ದುಡ್ಡೂ ಜಾಸ್ತಿ. ಬಾಯಿಪಾಠದ ಪ್ರಕಾರ ಇದು ನೇರ ಅನುಪಾತ. ಭಾಗಿಸಿ ನೋಡಿ. ಮೊದಲನೆಯದರಲ್ಲಿ ಲೀಟರಿಗೆ 10 ಪೈಸೆ, ಎರಡನೆಯದರಲ್ಲಿ 8.75 ಪೈಸೆ, ಮೂರನೆಯದರಲ್ಲಿ ಸುಮಾರು 8.33 ಪೈಸೆ. ಅನುಪಾತ ಒಂದೇ ಆಗಿಲ್ಲ. ನೇರ ಅನುಪಾತವಾಗಿದ್ದರೆ 12,000 ಲೀಟರಿಗೆ 1,200 ಆಗಬೇಕಿತ್ತು. ದೊಡ್ಡ ಟ್ಯಾಂಕರ್ ಬಂದರೂ ಡ್ರೈವರ್ ಒಬ್ಬನೇ, ಬರುವುದೂ ಒಂದೇ ಸಲ. ಖರ್ಚಿನ ಒಂದು ಭಾಗ ನೀರಿನ ಅಳತೆಗೆ ತಕ್ಕ ಹಾಗೆ ಏರುವುದಿಲ್ಲ. ಸಂಪು ದೊಡ್ಡದಿದ್ದರೆ 6,000ದ ಎರಡು ಲೋಡಿಗಿಂತ 12,000ದ ಒಂದು ಲೋಡು 200 ರೂಪಾಯಿ ಅಗ್ಗ ಅಂತ ಹೇಳಲು ಇಷ್ಟು ಭಾಗಾಕಾರ ಸಾಕು.

ಆಟೋ ದರದಲ್ಲಿ ಇನ್ನೊಂದು ಚೆಂದದ ವಿಷಯ ಇದೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ ಅಂತ ಮೀಟರ್ ದರ ಗೊತ್ತಾಯಿತು. ಕನಿಷ್ಠ ದರ ಅಂತ ಒಂದಿದೆ, ಹಾಗಾಗಿ ಇದು ನೇರ ಅನುಪಾತ ಇರಲಾರದು ಅಂತ ಜಾಣ ಮಕ್ಕಳು ಹೇಳುತ್ತಾರೆ. ಅರ್ಧ ಸರಿ. ಅರ್ಧ ಕಿಲೋಮೀಟರ್ ಹೋದರೂ 36 ಕೊಡಬೇಕು, ಒಂದೂವರೆಗೂ ಅಷ್ಟೇ. ಅಲ್ಲಿಯವರೆಗೆ ಅನುಪಾತ ಇಲ್ಲ. ಆದರೆ 36 ಅಂದರೆ 18ರ ಎರಡರಷ್ಟೇ ಅಲ್ವಾ? 5 ಕಿಲೋಮೀಟರಿಗೆ 36 ಮತ್ತು 54 ಸೇರಿ 90. ಅಂದರೆ 5 ಇಂಟು 18. 10 ಕಿಲೋಮೀಟರಿಗೆ 180. ಎರಡು ಕಿಲೋಮೀಟರ್ ದಾಟಿದ ಮೇಲೆ ಲೆಕ್ಕ ಅಚ್ಚುಕಟ್ಟಾಗಿ ನೇರ ಅನುಪಾತಕ್ಕೆ ಬಂದು ಕೂರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು, ಅಂದರೆ ಕಿಲೋಮೀಟರಿಗೆ 27. ಆಗಲೂ ಅನುಪಾತ ಕೆಡುವುದಿಲ್ಲ, ಗುಣಿಸುವ ಸಂಖ್ಯೆ ಮಾತ್ರ ಬೇರೆ.

ಅದನ್ನು ಕೆಡಿಸುವುದು 'ಮೀಟರ್ ಮೇಲೆ ಮೂವತ್ತು ಕೊಡಿ ಸಾರ್' ಅನ್ನುವ ಮಾತು. 5 ಕಿಲೋಮೀಟರಿಗೆ 120 ಆಯಿತು, ಕಿಲೋಮೀಟರಿಗೆ 24. 10 ಕಿಲೋಮೀಟರಿಗೆ 210, ಕಿಲೋಮೀಟರಿಗೆ 21. ಹತ್ತಿರ ಹೋಗುವವರಿಗೇ ಪೆಟ್ಟು ಜಾಸ್ತಿ. ಪ್ರತಿ ಸಲ ಒಂದೇ ಮೊತ್ತ ಕೂಡಿಸುವ ಕಡೆಯಲ್ಲೆಲ್ಲ ಹೀಗೇ ಆಗುತ್ತದೆ. ಕರೆಂಟ್ ಬಿಲ್ಲಿನಲ್ಲಿ ಯೂನಿಟ್ ದರದ ಮೇಲೆ ನಿಗದಿತ ಶುಲ್ಕ ಇರುವುದರಿಂದ, ಅರ್ಧದಷ್ಟು ಯೂನಿಟ್ ಸುಟ್ಟ ತಿಂಗಳು ಬಿಲ್ಲು ಅರ್ಧಕ್ಕೆ ಇಳಿಯುವುದಿಲ್ಲ. ಪೋಷಕರು ಇದನ್ನು ಮೋಸ ಅಂತ ನನ್ನ ಹತ್ತಿರ ದೂರಿದ್ದಾರೆ! ಮೋಸ ಏನಿಲ್ಲ, ಲೆಕ್ಕವೇ ಹಾಗೆ.

ವಿಲೋಮದ ಕಡೆ ಎಡವುವುದು ಇನ್ನೂ ಸುಲಭ. ಮೆಟ್ರೋ ಕಾರ್ಡಿನಲ್ಲಿ 500 ರೂಪಾಯಿ ಇದೆ, ಒಂದು ಪ್ರಯಾಣಕ್ಕೆ 50 ಅಂದುಕೊಳ್ಳಿ. ಓಡಾಟ ಹೆಚ್ಚಾದಂತೆ ಉಳಿದ ದುಡ್ಡು ಕಡಿಮೆ. ವಿಲೋಮವೇ? 2 ಸಲ ಹೋದರೆ 400 ಉಳಿಯುತ್ತದೆ. ವಿಲೋಮವಾಗಿದ್ದರೆ 4 ಸಲ ಹೋದಾಗ 200 ಉಳಿಯಬೇಕಿತ್ತು. ಉಳಿಯುವುದು 300. ಇಲ್ಲಿ ಬದಲಾಗದೆ ನಿಂತಿರುವುದು ಗುಣಲಬ್ಧ ಅಲ್ಲ, ಮೊತ್ತ. ಖರ್ಚಾದದ್ದೂ ಉಳಿದದ್ದೂ ಕೂಡಿ ಯಾವಾಗಲೂ 500.

ನಿಜವಾದ ವಿಲೋಮ ಬೇಕಾದರೆ ತರಕಾರಿ ಚೀಲ ಹಿಡಿದು ಹೊರಡಬೇಕು. ಟೊಮೆಟೊಗೆ ತಿಂಗಳಿಗೆ 200 ರೂಪಾಯಿ ಅಂತ ಎತ್ತಿಟ್ಟಿದ್ದೀರಿ. ಕಿಲೋ 40 ಇದ್ದಾಗ 5 ಕಿಲೋ ಬರುತ್ತದೆ. 50 ಆದಾಗ 4 ಕಿಲೋ. ಬೆಲೆ ಇಂಟು ತೂಕ ಎರಡೂ ಸಲ 200. ಈಗ ಶೇಕಡಾ ನೋಡಿ. ಬೆಲೆ ಏರಿದ್ದು ಶೇ 25. ಟೊಮೆಟೊ ಕಡಿಮೆಯಾದದ್ದು ಶೇ 20. ಎರಡೂ 25 ಯಾಕಾಗಲಿಲ್ಲ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಲೆ 5/4 ಆಯಿತು, ತೂಕ ಅದನ್ನು ಮಗುಚಿದ 4/5 ಆಯಿತು. ಐದರಲ್ಲಿ ಒಂದು ಹೋದರೆ ಶೇ 20. ವಿಲೋಮದಲ್ಲಿ ಭಿನ್ನರಾಶಿ ಮಗುಚುತ್ತದೆ, ಶೇಕಡಾ ಮಗುಚುವುದಿಲ್ಲ. ಬೆಲೆ ದುಪ್ಪಟ್ಟಾದರೆ, ಅಂದರೆ ಶೇ 100 ಏರಿದರೆ, ತೂಕ ಶೇ 50 ಇಳಿಯುತ್ತದೆ. ಪೂರ್ತಿ ಮಾಯವಾಗುವುದಿಲ್ಲ.

ವೇಗ ಮತ್ತು ಸಮಯದ ಸಂಬಂಧ ಬೆಂಗಳೂರಿನವರಿಗೆ ಬೇರೆ ಯಾವ ಊರಿನವರಿಗಿಂತಲೂ ಚೆನ್ನಾಗಿ ಗೊತ್ತಿರಬೇಕು. ಆದರೂ ಇಲ್ಲಿಯೇ ಜಾಸ್ತಿ ತಪ್ಪು ನಡೆಯುತ್ತದೆ. ಮನೆಯಿಂದ ಆಫೀಸಿಗೆ 15 ಕಿಲೋಮೀಟರ್ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೊರಟು ಗಂಟೆಗೆ 30 ಕಿಲೋಮೀಟರಿನಲ್ಲಿ ಹೋದಿರಿ. ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜಾಮಿನಲ್ಲಿ ಸಿಕ್ಕಿಕೊಂಡು 10ರಲ್ಲಿ ಬಂದಿರಿ. ಸರಾಸರಿ ಎಷ್ಟು? 30ಕ್ಕೂ 10ಕ್ಕೂ ನಡುವೆ 20 ಅನ್ನುವುದು ಎಲ್ಲರ ಮೊದಲ ಉತ್ತರ. ಹೋಗಲು ಅರ್ಧ ಗಂಟೆ, ಬರಲು ಒಂದೂವರೆ ಗಂಟೆ. 30 ಕಿಲೋಮೀಟರಿಗೆ 2 ಗಂಟೆ. ಸರಾಸರಿ 15. ನಿಧಾನದ ದಾರಿಯಲ್ಲಿ ಮೂರು ಪಟ್ಟು ಹೊತ್ತು ಕಳೆದಿದ್ದೀರಿ, ಹಾಗಾಗಿ ಅದರ ಮಾತೇ ಹೆಚ್ಚು ನಡೆಯುತ್ತದೆ.

ಇದೇ ಸಂಬಂಧವನ್ನು ಇನ್ನೊಂದು ಕಡೆಯಿಂದ ನೋಡೋಣ. 10 ಕಿಲೋಮೀಟರ್ ದಾರಿಗೆ ಗಂಟೆಗೆ 10ರ ವೇಗದಲ್ಲಿ 60 ನಿಮಿಷ, 20ರಲ್ಲಿ 30 ನಿಮಿಷ, 40ರಲ್ಲಿ 15 ನಿಮಿಷ, 60ರಲ್ಲಿ 10 ನಿಮಿಷ. 10ರಿಂದ 20ಕ್ಕೆ ಏರಿದರೆ ಅರ್ಧ ಗಂಟೆ ಉಳಿಯಿತು. 40ರಿಂದ 60ಕ್ಕೆ ಏರಿದರೆ ಉಳಿದದ್ದು ಬರೀ 5 ನಿಮಿಷ. ಖಾಲಿ ರಸ್ತೆ ಸಿಕ್ಕಾಗ ಪ್ರಾಣ ಒತ್ತೆಯಿಟ್ಟು ಗಾಡಿ ಓಡಿಸುವ ಹುಡುಗರಿಗೆ ನಾನು ಬೈಯುವುದಿಲ್ಲ, ಈ ನಾಲ್ಕು ಸಾಲು ಬರೆದು ತೋರಿಸುತ್ತೇನೆ. ಟೈಮು ತಿನ್ನುವುದು ಜಾಮು. ಅಲ್ಲಿ ಕಳೆದದ್ದು ಖಾಲಿ ರಸ್ತೆಯಲ್ಲಿ ವಾಪಸ್ ಬರುವುದಿಲ್ಲ.

ಸೈಟಿನ ಲೆಕ್ಕದಲ್ಲಿ ದೊಡ್ಡವರೂ ಜಾರುತ್ತಾರೆ. 30-40 ಸೈಟು ಅಂದರೆ 1,200 ಚದರ ಅಡಿ, 40-60 ಅಂದರೆ 2,400. ಜಾಗ ಸರಿಯಾಗಿ ಎರಡು ಪಟ್ಟು. ಹಾಗಾದರೆ ಕಾಂಪೌಂಡ್ ಗೋಡೆಯ ಖರ್ಚೂ ಎರಡು ಪಟ್ಟೇ? ಸುತ್ತಳತೆ ಮೊದಲನೆಯದಕ್ಕೆ 140 ಅಡಿ, ಎರಡನೆಯದಕ್ಕೆ 200 ಅಡಿ. ಒಂದೂವರೆ ಪಟ್ಟೂ ಇಲ್ಲ. ಗೋಡೆಯ ಖರ್ಚು ಉದ್ದಕ್ಕೆ ನೇರ ಅನುಪಾತದಲ್ಲಿದೆ, ಜಾಗಕ್ಕೆ ಅಲ್ಲ. 20-30 ಸೈಟಿನ ಎರಡೂ ಬದಿ ದುಪ್ಪಟ್ಟು ಮಾಡಿದರೆ 40-60 ಆಗುತ್ತದೆ. ಗೋಡೆ ಆಗ ಎರಡು ಪಟ್ಟು, ಜಾಗ ನಾಲ್ಕು ಪಟ್ಟು.

ಇನ್ನು ನೇರ, ವಿಲೋಮ ಎರಡೂ ಸೇರಿಕೊಂಡ ಲೆಕ್ಕ. ಒಂದು ಅಪಾರ್ಟ್‌ಮೆಂಟಿನಲ್ಲಿ 8 ಜನ ಪೇಂಟರುಗಳು 10 ಮನೆಗೆ 5 ದಿನದಲ್ಲಿ ಬಣ್ಣ ಹೊಡೆದರು. 6 ಜನ 15 ಮನೆಗೆ ಹೊಡೆಯಲು ಎಷ್ಟು ದಿನ ಬೇಕು? ಜನ ಮತ್ತು ದಿನ ವಿಲೋಮ, ಮನೆ ಮತ್ತು ದಿನ ನೇರ ಅಂತ ಬಾಣದ ಗುರುತು ಹಾಕಿಸುವ ಪದ್ಧತಿ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಬಾಣ ಒಂದು ತಿರುಗಿದರೆ ಎಲ್ಲ ತಿರುಗುತ್ತದೆ. ಮೇಸ್ತ್ರಿಗಳು ಲೆಕ್ಕ ಹಾಕುವ ಹಾಗೆ ಹಾಕಿ. ಒಬ್ಬ ಒಂದು ದಿನ ಮಾಡುವ ಕೆಲಸ ಒಂದು ಆಳು. 8 ಜನ 5 ದಿನ ಅಂದರೆ 40 ಆಳಿನ ಕೆಲಸ. ಅದರಲ್ಲಿ 10 ಮನೆ ಮುಗಿದಿದೆ, ಹಾಗಾದರೆ ಒಂದು ಮನೆಗೆ 4 ಆಳು. 15 ಮನೆಗೆ 60 ಆಳು. 6 ಜನ ಇದ್ದಾರೆ, 10 ದಿನ. ಒಂದರ ಲೆಕ್ಕಕ್ಕೆ ಇಳಿದು, ಅಲ್ಲಿಂದ ಮತ್ತೆ ಏರುವುದು. ಮೂರು ತಿಳಿದಾಗ ನಾಲ್ಕನೆಯದನ್ನು ಹುಡುಕುವ ತ್ರೈರಾಶಿಕ ನಮ್ಮಲ್ಲಿ ಹಳೆಯದು. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲೇ, ಗಣಿತಜ್ಞ ಮಹಾವೀರಾಚಾರ್ಯ ಅದನ್ನೂ ಅದರ ವ್ಯಸ್ತ, ಅಂದರೆ ವಿಲೋಮ, ರೂಪವನ್ನೂ ವಿವರಿಸಿದ್ದಾನೆ.

ಈ ಲೆಕ್ಕಕ್ಕೆ ಮಿತಿ ಇದೆ ಅಂತಲೂ ಮಕ್ಕಳಿಗೆ ಹೇಳಬೇಕು. ಒಂದು ಮನೆಗೆ 4 ಆಳಿನ ಕೆಲಸ, ಹಾಗಾದರೆ 32 ಜನರನ್ನು ನುಗ್ಗಿಸಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆಯೇ? ದಿನಕ್ಕೆ 8 ಗಂಟೆ ಕೆಲಸ ಅಂದುಕೊಂಡರೆ ಗುಣಾಕಾರ ಹೌದು ಅನ್ನುತ್ತದೆ. ಎರಡು ರೂಮಿನ ಮನೆಯಲ್ಲಿ 32 ಜನ ನಿಲ್ಲಲೂ ಆಗುವುದಿಲ್ಲ. ಮೊದಲ ಕೋಟು ಒಣಗದೆ ಎರಡನೆಯದು ಹೊಡೆಯುವ ಹಾಗೂ ಇಲ್ಲ. ಮನೆ ಕಟ್ಟಿಸುವಾಗ ಇದು ಇನ್ನೂ ಮುಖ್ಯ. ಮೋಲ್ಡ್ ಹಾಕುವ ದಿನ ಆಳು ಹೆಚ್ಚಿಸಿದರೆ ಕಾಂಕ್ರೀಟ್ ಸುರಿಯುವ ಕೆಲಸ ಬೇಗ ಮುಗಿಯುತ್ತದೆ. ಆಮೇಲಿನ ಕ್ಯೂರಿಂಗಿಗೆ ಮಾಮೂಲಿ ಸಿಮೆಂಟಾದರೆ ಕನಿಷ್ಠ 7 ದಿನ ನೀರು ನಿಲ್ಲಿಸಬೇಕು, ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟಾದರೆ 10 ದಿನ. ಪೈಪು ಹಿಡಿಯಲು ಒಬ್ಬನಿದ್ದರೂ ಅಷ್ಟೇ, ಹತ್ತು ಜನ ಇದ್ದರೂ ಅಷ್ಟೇ. ಮೇಸ್ತ್ರಿ ಹೇಳುವ ದಿನಗಳನ್ನು ಲೆಕ್ಕ ಹಾಕುವಾಗ ಆಳಿನಿಂದ ಭಾಗಿಸುವ ದಿನಗಳನ್ನು ಒಂದು ಕಡೆ ಬರೆಯಿರಿ, ಭಾಗಿಸಲಾಗದ ದಿನಗಳನ್ನು ಇನ್ನೊಂದು ಕಡೆ ಬರೆಯಿರಿ. ಆಮೇಲೆ ಎರಡನ್ನೂ ಕೂಡಿಸಿ.