ಆಟಿಯಲ್ಲಿ ಬೀಗ ಹಾಕುವ ಮನೆ: ಕೆಳಗಿನ ಕೋಣೆಯ ಕಿಟಕಿಯನ್ನು ತೆರೆದಿಡಬೇಡಿ

ಎರಡು ವರ್ಷದ ಹಿಂದೆ, ಓಣಂ ರಜೆಯ ಹೊತ್ತಿಗೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಬ್ಬ ನಿವೃತ್ತ ಕನ್ನಡ ಮಾಷ್ಟ್ರು ನನ್ನನ್ನು ಮನೆಗೆ ಕರೆಸಿದ್ದರು. ಜೂನ್ ಕೊನೆಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋದವರು ಆಗಷ್ಟೇ ಮರಳಿದ್ದರು. ಗುಡ್ಡದ ಇಳಿಜಾರಿನಲ್ಲಿ ಬರೆ (ಮಣ್ಣಿನ ಕಡಿದಾದ ದಿಣ್ಣೆ) ಕಡಿದು ಕಟ್ಟಿದ ಮನೆ ಅದು. ಕೆಳಗಿನ ಕೋಣೆಯ ಮೂರು ಗೋಡೆಗಳು ಮಣ್ಣಿಗೆ ಒರಗಿವೆ, ನಾಲ್ಕನೆಯದು ತೋಟದ ಕಡೆಗೆ ತೆರೆದಿದೆ. ಅಡಿಕೆ ಚೀಲಗಳ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಅವರ ತಂದೆ ಕೈಯಾರೆ ನಕಲು ಮಾಡಿದ ಯಕ್ಷಗಾನ ಪ್ರಸಂಗಗಳ ಪುಸ್ತಕಗಳು. ಮುಚ್ಚಳ ತೆಗೆದಾಗ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಮೇಲೆಲ್ಲ ಹಸುರು ಬೂಸ್ಟು.

ಕೀಲಿಕೈ ಇಟ್ಟುಕೊಂಡಿದ್ದ ನೆರೆಮನೆಯ ಹುಡುಗ ಅಂಗಳದಲ್ಲೇ ನಿಂತಿದ್ದ. "ಮಾಷ್ಟ್ರೇ, ನೀವು ಹೇಳಿದಂತೆ ದಿನಾ ಹತ್ತು ಗಂಟೆಗೆ ಕಿಟಕಿ ತೆರೆದು ನಾಲ್ಕು ಗಂಟೆಗೆ ಮುಚ್ಚಿದ್ದೇನೆ. ಒಂದು ದಿನವೂ ತಪ್ಪಿಸಲಿಲ್ಲ" ಎಂದ. ಅವನ ಮಾತು ನಿಜವೇ ಆಗಿತ್ತು. ಹಾನಿಗೆ ಕಾರಣವೂ ಅದೇ ಆಗಿತ್ತು. ಅದನ್ನು ಅವನ ಮುಖ ನೋಡಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಅವನಿಗೂ ಮಾಷ್ಟ್ರಿಗೂ ಯಾರೂ ಹೇಳಿಕೊಡದೆ ಉಳಿದ ಸಂಗತಿಯೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಚ್ಚಿದ ಕೋಣೆಗೆ ಗಾಳಿಯಾಡಬೇಕು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಮೇಲಿನ ಅಂತಸ್ತಿಗೆ ಅದು ಬಹುಮಟ್ಟಿಗೆ ಸರಿ. ಮಣ್ಣಿಗೆ ತಾಗಿದ ಕೋಣೆಗೆ, ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದು ತಲೆಕೆಳಗು. ಲೆಕ್ಕ ಹಾಕಿಯೇ ನೋಡೋಣ. ಆಟಿಯ, ಎಂದರೆ ಜುಲೈ-ಆಗಸ್ಟ್‌ನಲ್ಲಿ ಬರುವ ತುಳು ತಿಂಗಳಿನ, ಒಂದು ಹಗಲು ಹೊರಗೆ 28 ಡಿಗ್ರಿ ಸೆಲ್ಸಿಯಸ್ ತಾಪ, ಶೇಕಡಾ 90 ಆರ್ದ್ರತೆ ಇದೆ ಎಂದಿಟ್ಟುಕೊಳ್ಳಿ. ಆ ಗಾಳಿಯ ಒಂದು ಘನ ಮೀಟರ್‌ನಲ್ಲಿ ಸುಮಾರು 24.5 ಗ್ರಾಂ ನೀರಿನ ಆವಿ ಇರುತ್ತದೆ. ಮಳೆನೀರು ಕುಡಿದ ಮಣ್ಣಿಗೆ ಒರಗಿದ ಗೋಡೆ ಅದಕ್ಕಿಂತ ತಣ್ಣಗಿರುತ್ತದೆ. ಅದು 25 ಡಿಗ್ರಿಯಲ್ಲಿದ್ದರೆ, ಅದಕ್ಕೆ ತಾಗಿದ ಗಾಳಿ ಹೊರಬಲ್ಲದ್ದು ಸುಮಾರು 23 ಗ್ರಾಂ ಮಾತ್ರ. ಉಳಿದ ಒಂದೂವರೆ ಗ್ರಾಂ ಗೋಡೆಯ ಮೇಲೆ ಬೆವರಾಗಿ ಇಳಿಯುತ್ತದೆ.

ಒಂದೂವರೆ ಗ್ರಾಂ ಎಂದರೆ ಏನು ಮಹಾ ಎನ್ನಿಸಬಹುದು. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 85 ಘನ ಮೀಟರ್ ಗಾಳಿ ಇರುತ್ತದೆ. ಕಿಟಕಿ ತೆರೆದಿಟ್ಟರೆ ಆ ಗಾಳಿ ಗಂಟೆಗೆ ನಾಲ್ಕು ಸಲ ಬದಲಾದರೂ ಆರು ಗಂಟೆಯಲ್ಲಿ 24 ಸಲ ಹೊಸ ಗಾಳಿ ಬಂತು. ಎಲ್ಲವೂ ಗೋಡೆಗೆ ತಾಗುವುದಿಲ್ಲ. ಅರ್ಧ ತಾಗಿದರೂ ದಿನಕ್ಕೆ ಒಂದೂವರೆ ಲೀಟರ್ ನೀರು. ಆ ಹುಡುಗ ಎರಡು ತಿಂಗಳ ಕಾಲ, ಒಳ್ಳೆಯ ಮನಸ್ಸಿನಿಂದ, ದಿನಾ ಅಷ್ಟು ನೀರನ್ನು ಕೋಣೆಯೊಳಗೆ ಬಿಟ್ಟಿದ್ದ. ಮೇಲ್ಮೈಯ ಬಳಿ ಆರ್ದ್ರತೆ ಶೇಕಡಾ 80 ದಾಟಿ ಕೆಲವು ದಿನ ನಿಂತರೆ ಸಾಕು, ಕಾಗದ, ಚರ್ಮ, ಮರ, ಅಡಿಕೆ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಶೇಕಡಾ 60ಕ್ಕಿಂತ ಕೆಳಗಿಟ್ಟರೆ ಭಯವಿಲ್ಲ.

ಆದರೆ ಕಿಟಕಿ ಮುಚ್ಚುವುದಕ್ಕೂ ಮೊದಲು ಗೋಡೆಯೊಳಗಿನಿಂದ ಬರುವ ನೀರನ್ನು ನೋಡಬೇಕು. ನಮ್ಮ ಹಿರಿಯರು ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದವರು. ಬಾಯಾರು, ಎಣ್ಮಕಜೆಯ ಕಡೆ ಇಂದಿಗೂ ಸುರಂಗದ ನೀರನ್ನು ನಂಬಿದ ಮನೆಗಳಿವೆ. ಮಳೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ತೂತುಗಳ ಮೂಲಕ ಇಳಿಯುತ್ತದೆ, ಕೆಳಗಿನ ಶೇಡಿ ಮಣ್ಣಿನ (ಬಿಳಿ ಜೇಡಿಮಣ್ಣಿನ) ಪದರದಲ್ಲಿ ತಡೆದು ನಿಲ್ಲುತ್ತದೆ, ಆಮೇಲೆ ಅಡ್ಡಕ್ಕೆ ಹರಿದು ದಾರಿ ಹುಡುಕುತ್ತದೆ. ಸುರಂಗದಲ್ಲಿ ಅದು ನಮಗೆ ವರ. ಅದೇ ಗುಡ್ಡಕ್ಕೆ ಜೆಸಿಬಿ ಹಚ್ಚಿ ಹತ್ತಡಿ ಬರೆ ಕಡಿದು ಮನೆ ಕಟ್ಟಿದರೆ, ನಿಮ್ಮ ಕೆಳಗಿನ ಕೋಣೆ ನೀರಿನ ಕಣ್ಣಿಗೆ ಅಗಲವಾದ ಸುರಂಗವೇ ಸರಿ.

ಗೋಡೆಯ ತೇವ ಒಸರೋ ಬೆವರೋ ಎಂದು ತಿಳಿಯಲು ಸುಲಭದ ದಾರಿಯಿದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆಗೆ, ಒದ್ದೆಯಾದರೆ ಒಸರು. ಕೋಣೆಯ ಕಡೆಯ ಮೈ ಒದ್ದೆಯಾದರೆ ಗಾಳಿಯ ಬೆವರು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಎರಡೂ ಇರುತ್ತವೆ. ಒಸರಿಗೆ ಒಳಗಿನಿಂದ ನೀರುನಿರೋಧಕ ಬಣ್ಣ ಬಳಿದರೆ ಪ್ರಯೋಜನವಿಲ್ಲ. ಹಿಂದಿನ ನೀರಿನ ಒತ್ತಡಕ್ಕೆ ಅದು ಒಂದೆರಡು ಮಳೆಗಾಲದಲ್ಲಿ ಉಪ್ಪಿನ ಸಮೇತ ಚಕ್ಕೆಯೆದ್ದು ಬರುತ್ತದೆ. ನೀರನ್ನು ಗೋಡೆಗೆ ತಲಪುವ ಮೊದಲೇ ತಿರುಗಿಸಬೇಕು.

ಹಾಗಾಗಿ ಮೇ ತಿಂಗಳಲ್ಲೇ ಬರೆ ಮತ್ತು ಗೋಡೆಯ ನಡುವಿನ ಕಣಿಯನ್ನು (ನೀರು ಹರಿಯುವ ಚರಂಡಿಯನ್ನು) ಕೆರೆಸಿ. ಅಲ್ಲಿ ತುಂಬಿದ ಹಲಸಿನ ಎಲೆ, ಅಡಿಕೆ ಹಾಳೆ ಸಾಕು, ನೀರು ನಿಂತು ಗೋಡೆಗೆ ಇಳಿಯಲು. ಸೂರಿನ ನೀರಿನ ಪೈಪು ಎಲ್ಲಿ ಬೀಳುತ್ತದೆ ಎಂದು ಮಳೆ ಬರುವಾಗ ಕೊಡೆ ಹಿಡಿದು ಹೋಗಿ ನೋಡಿ. 100 ಚದರ ಮೀಟರ್ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಜುಲೈಯಲ್ಲಿ ಅಂಥ ದಿನಗಳು ಬಂದೇ ಬರುತ್ತವೆ. ಅಷ್ಟನ್ನೂ ಅಡಿಪಾಯದ ಬುಡಕ್ಕೆ ಸುರಿಯುವ ಮನೆಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಇಂಗುಗುಂಡಿಯ ಬಗ್ಗೆಯೂ ಒಂದು ಮಾತು: ಮಳೆನೀರು ಇಂಗಿಸುವವರ ಮೇಲೆ ನನಗೆ ತುಂಬ ಗೌರವವಿದೆ, ಆದರೆ ಗುಂಡಿ ಮನೆಯ ಕೆಳಬದಿಯಲ್ಲಿರಲಿ. ಮೇಲ್ಬದಿಯಲ್ಲಿ ಇಂಗಿಸಿದ ನೀರು ನಿಮ್ಮ ಕೋಣೆಯ ಮೂಲಕವೇ ಬಾವಿಗೆ ಹೋಗುತ್ತದೆ.

ಇಷ್ಟಾದ ಮೇಲೆ ಕಿಟಕಿಗಳನ್ನು ಮುಚ್ಚಿ. ಬರಿದೆ ಕೊಂಡಿ ಹಾಕಿದರೆ ಸಾಲದು. ಬಾಗಿಲಿನ ಅಡಿಯ ಸಂದು, ಗೋಡೆಯ ಜಾಲಂಧ್ರ, ಪೈಪ್ ಹಾದುಹೋದ ತೂತು ಎಲ್ಲವನ್ನೂ ರಬ್ಬರ್ ಪಟ್ಟಿಯಿಂದಲೋ ಪ್ಲಾಸ್ಟಿಕ್ ಹಾಳೆ ಮತ್ತು ಟೇಪಿನಿಂದಲೋ ಬಿಗಿ ಮಾಡಬೇಕು. ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಪೇಂಟಿನ ಡಬ್ಬಿ ಅಂಥ ಮುಚ್ಚಿದ ಕೋಣೆಯಲ್ಲಿ ಇರಲೇಬಾರದು.

ಮುಚ್ಚಿದ ಕೋಣೆಯೂ ತಾನಾಗಿ ಒಣಗುವುದಿಲ್ಲ. ಸಂದುಗಳಿಂದ ಎರಡು ಗಂಟೆಗೊಮ್ಮೆ ಗಾಳಿ ಬದಲಾದರೂ, ಮೇಲೆ ಹೇಳಿದ ಕೋಣೆಯನ್ನು ಶೇಕಡಾ 60ರಲ್ಲಿ ನಿಲ್ಲಿಸಲು ದಿನಕ್ಕೆ ಎಂಟು ಲೀಟರಿನಷ್ಟು ನೀರು ತೆಗೆಯಬೇಕು. ಅಜ್ಜಿಯರು ಮೂಲೆಯಲ್ಲಿ ಇಡುತ್ತಿದ್ದ ಸುಟ್ಟ ಸುಣ್ಣದ ಒಂದು ಕಿಲೋ ಹೀರುವುದು ಹೆಚ್ಚೆಂದರೆ 320 ಗ್ರಾಂ ನೀರು. ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿಗಳದ್ದೂ ಇದೇ ಕತೆ. ಕಪಾಟಿನೊಳಗೆ ಅವು ಉಪಯೋಗಕ್ಕೆ ಬರುತ್ತವೆ, ಕೋಣೆಗೆ ಏನೂ ಸಾಲವು. ಅದಕ್ಕೆ ತೇವ ತೆಗೆಯುವ ಯಂತ್ರವೇ ಬೇಕು. ಅಂಗಡಿಯಲ್ಲಿ ಡಿಹ್ಯುಮಿಡಿಫೈಯರ್ ಎಂದು ಕೇಳಿ. ಅದರ ಮೇಲೆ ಬರೆದ ಲೀಟರ್ ಲೆಕ್ಕ ಸಾಮಾನ್ಯವಾಗಿ 30 ಡಿಗ್ರಿ, ಶೇಕಡಾ 80 ಆರ್ದ್ರತೆಯಲ್ಲಿ ಅಳೆದದ್ದು. ಶೇಕಡಾ 60ಕ್ಕೆ ಇಳಿಯುವಾಗ ಅದರ ಅರ್ಧದಷ್ಟನ್ನೇ ನಂಬಬಹುದು. ಆದ್ದರಿಂದ ಎಂಟು ಲೀಟರ್ ಬೇಕಾದವರು 20 ಲೀಟರಿನದನ್ನು ಕೊಳ್ಳಬೇಕು.

ಮನೆಯಲ್ಲಿ ಜನ ಇಲ್ಲದಾಗ ಯಂತ್ರ ಸೋಲುವುದು ಎರಡು ಕಡೆ. ಒಂದು, ನೀರು ಸೇರುವ ತೊಟ್ಟಿ. ಅದು ಮೂರು ನಾಲ್ಕು ಲೀಟರ್ ಹಿಡಿಯುತ್ತದೆ, ತುಂಬಿದೊಡನೆ ಯಂತ್ರ ನಿಂತುಬಿಡುತ್ತದೆ. ನೀವು ರೈಲು ಹತ್ತಿದ ಮಾರನೆಯ ದಿನವೇ ಅದರ ಕೆಲಸ ಮುಗಿದಿರುತ್ತದೆ. ಹಿಂಬದಿಯ ತೂತಿಗೆ ಕೊಳವೆ ಸಿಕ್ಕಿಸಿ ನೀರು ಹೊರಗೆ ಹರಿಯುವಂತೆ ಮಾಡಿ. ಇಳಿಜಾರಿನ ಮನೆಗೆ ಇಲ್ಲಿ ಒಂದು ಅನುಕೂಲವಿದೆ: ತೋಟದ ಕಡೆಯ ಗೋಡೆಯಿಂದ ಕೊಳವೆ ಪಂಪಿನ ಹಂಗಿಲ್ಲದೆ ಕೆಳಗಿಳಿಯುತ್ತದೆ. ಯಂತ್ರವನ್ನು ಒಂದಡಿ ಎತ್ತರದ ಕಲ್ಲಿನ ಮೇಲಿಟ್ಟು, ಕೊಳವೆಯ ಹೊರತುದಿಗೆ ಸಣ್ಣ ಬಲೆ ಕಟ್ಟಿ. ಎರಡನೆಯದು ವಿದ್ಯುತ್. ಗಾಳಿಮಳೆಗೆ ಕರೆಂಟ್ ಹೋಗಿ ಬಂದಾಗ ಕೆಲವು ಯಂತ್ರಗಳು ತಾವಾಗಿ ಮತ್ತೆ ಓಡುವುದಿಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿಸಿ ನೋಡಿ. ಓಡದಿದ್ದರೆ ಅದು ಬೀಗ ಹಾಕಿದ ಮನೆಗೆ ಆಗುವ ಯಂತ್ರವಲ್ಲ. ಹೊರಡುವಾಗ ಮೇನ್ ಸ್ವಿಚ್ ಆರಿಸುವ ಅಭ್ಯಾಸ ನಮಗೆಲ್ಲ ಇದೆ. ಕೆಳಗಿನ ಕೋಣೆಗೆ ಬೇರೆಯೇ ಲೈನ್ ಎಳೆಸಿ, ಅದಕ್ಕೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ ಹಾಕಿಸಿ, ಅದೊಂದನ್ನು ಉಳಿಸಿ ಬಾಕಿಯದನ್ನು ಆರಿಸಿ. 300 ವ್ಯಾಟ್‌ನ ಯಂತ್ರ ದಿನಕ್ಕೆ 12 ಗಂಟೆ ಓಡಿದರೆ ಮೂರೂವರೆ ಯೂನಿಟ್ ಚಿಲ್ಲರೆ ಆಗುತ್ತದೆ.

ಆ ಖರ್ಚು ಎಲ್ಲರಿಗೂ ಆಗುವಂಥದ್ದಲ್ಲ ಎಂಬುದು ನನಗೆ ಗೊತ್ತಿದೆ. ಆಗದವರು ಕೋಣೆಯನ್ನು ಖಾಲಿ ಮಾಡಿ ಹೋಗಿ. ಜಾಗದ ದಾಖಲೆ, ಫೋಟೊ ಆಲ್ಬಮ್, ಪುಸ್ತಕಗಳನ್ನು ಮೇ ತಿಂಗಳ ಬಿಸಿಲಿನ ದಿನಗಳಲ್ಲಿ ನೆರಳಲ್ಲಿ ಹರಡಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಮೇಲಿನ ಅಂತಸ್ತಿನಲ್ಲಿಡಿ. ಮುಚ್ಚಿಟ್ಟದ್ದು ಮೊದಲೇ ಒಣಗಿರಬೇಕು, ಇಲ್ಲದಿದ್ದರೆ ತೇವವನ್ನೇ ಕಾಪಿಟ್ಟಂತೆ. ಅಡಿಕೆಯನ್ನು ಒಳಗೆ ಪ್ಲಾಸ್ಟಿಕ್ ಪದರವಿರುವ ಗೋಣಿಯಲ್ಲಿ ಕಟ್ಟಿ, ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿಡಿ.

ಬೀಗದ ಕೈ ಯಾರಿಗೆ ಕೊಡುತ್ತೀರೋ ಅವರಿಗೆ ಕಿಟಕಿಯ ಕೆಲಸದ ಬದಲು ಅಳತೆಯ ಕೆಲಸ ಕೊಡಿ. ಕೆಲವೇ ನೂರು ರೂಪಾಯಿಗೆ ಸಿಗುವ ಡಿಜಿಟಲ್ ಆರ್ದ್ರತಾ ಮಾಪಕ ಒಂದನ್ನು ಕೋಣೆಯಲ್ಲಿಡಿ. ಅದು ಸರಿ ಇದೆಯೇ ಎಂದು ನೋಡಲು, ಉಪ್ಪಿಗೆ ಚೂರು ನೀರು ಹಾಕಿ ಮುದ್ದೆ ಮಾಡಿ, ಬಿಗಿ ಡಬ್ಬಿಯೊಳಗೆ ಮಾಪಕದ ಪಕ್ಕದಲ್ಲಿಟ್ಟು ಒಂದು ಹಗಲು ರಾತ್ರಿ ಬಿಡಿ. ಅದು 75 ತೋರಿಸಬೇಕು. ಮೂರ್ನಾಲ್ಕು ಹೆಚ್ಚು ಕಡಿಮೆಯಾದರೆ ಅಡ್ಡಿಯಿಲ್ಲ, 65 ತೋರಿಸಿದರೆ ಮರಳಿಸಿ.

ಮಾಷ್ಟ್ರ ಮನೆಯಲ್ಲಿ ಈಗ ಹೀಗೆಯೇ ನಡೆಯುತ್ತಿದೆ. ಹುಡುಗ ವಾರಕ್ಕೆರಡು ಸಲ ಹೋಗಿ, ಬಾಗಿಲು ತೆರೆದು ಒಳಹೊಕ್ಕು ಕೂಡಲೇ ಮುಚ್ಚಿ, ಮಾಪಕದ ಫೋಟೊ ತೆಗೆದು ಬೆಂಗಳೂರಿಗೆ ಕಳಿಸುತ್ತಾನೆ. ಕಳೆದ ಆಟಿಯಲ್ಲಿ ಅದು 58ರಿಂದ 63ರ ನಡುವೆ ಇತ್ತು. ಅಂಟಿದ ಪ್ರಸಂಗಗಳಲ್ಲಿ ಎರಡನ್ನು ಹಾಳೆ ಹಾಳೆಯಾಗಿ ಬಿಡಿಸಲು ಸಾಧ್ಯವಾಯಿತು, ಉಳಿದವು ಹೋದವು.

ಕಿಟಕಿ ತೆರೆಯಲು ಕಾಲ ಬೇರೆಯೇ ಇದೆ. ಅಕ್ಟೋಬರ್-ನವೆಂಬರ್‌ನ ತುಲಾ ಮಳೆಯೂ ಮುಗಿದು, ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಗ್ಗೆ ಘಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಎಲ್ಲ ಕಿಟಕಿಗಳನ್ನೂ ಪೂರ್ತಿ ತೆರೆಯಿರಿ, ಮಧ್ಯಾಹ್ನ ಕಡಲ ಗಾಳಿ ಏಳುವ ಮುನ್ನ ಮುಚ್ಚಿ.