ಚೀಲಕ್ಕೆ ಕೈ ಹಾಕದ ಪರೀಕ್ಷೆ

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ಬರುವ ದಿನಗಳಲ್ಲಿ ಹೋಗಿ ನೋಡಿ. ಕೊಳ್ಳುವವರು ಮೇಲಿನ ಕಾಳು ನೋಡಿ ರೇಟು ಹೇಳುವುದಿಲ್ಲ. ಚೀಲದೊಳಗೆ ಕೈ ಹಾಕಿ, ತಳದ ಕಾಳು ತೆಗೆದು, ಹಲ್ಲಲ್ಲಿ ಕಡಿದು ತೇವ ನೋಡುತ್ತಾರೆ. ವೈದ್ಯಕೀಯ ಪತ್ರಿಕೆಗಳೂ ಲೇಖನ ಅಚ್ಚು ಹಾಕುವ ಮುಂಚೆ ಹೀಗೆ ಪರೀಕ್ಷೆ ಮಾಡಿಸುತ್ತವೆ. ಪೀರ್ ರಿವ್ಯೂ ಅಂತ ಅದರ ಹೆಸರು. ಆದರೆ ಅಲ್ಲಿ ಸಾಮಾನ್ಯವಾಗಿ ಮಾರುವವರೇ ಎತ್ತಿ ಕೊಟ್ಟ ಹಿಡಿ ಕಾಳನ್ನಷ್ಟೇ ನೋಡುವುದು. ಅಂದರೆ ಲೇಖಕರು ಬರೆದು ಕೊಟ್ಟದ್ದನ್ನು ಮಾತ್ರ, ಅದರ ಹಿಂದಿನ ಮೂಲ ದಾಖಲೆಯನ್ನಲ್ಲ.

ಇಲ್ಲಿನ ಮೆಡಿಕಲ್ ಪಿಜಿ ವಿದ್ಯಾರ್ಥಿಯೊಬ್ಬರು ಸಕ್ಕರೆ ಕಾಯಿಲೆ ಬಗ್ಗೆ ಲೇಖನ ಕಳಿಸಿದರು ಅಂದುಕೊಳ್ಳಿ. ಮೊದಲು ಓದುವುದು ಸಂಪಾದಕರು. ಎಷ್ಟೋ ಲೇಖನ ಅವರ ಮೇಜಿನಿಂದಲೇ ವಾಪಸ್. ಉಳಿದವು ವಿಷಯ ಬಲ್ಲ ಇಬ್ಬರು ಮೂವರಿಗೆ ಹೋಗುತ್ತವೆ. ಬಹುತೇಕ ಕಡೆ ಅವರಿಗೆ ದುಡ್ಡಿಲ್ಲ. ಒಪಿಡಿ ಮುಗಿಸಿ, ರಾತ್ರಿ ಊಟ ಆದ ಮೇಲೆ ಕೂತು ಮಾಡುವ ಕೆಲಸ. ರೋಗಿಗಳನ್ನು ಹೇಗೆ ಆರಿಸಿದಿರಿ? ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯಾ? ನಡುವೆ ಬಿಟ್ಟು ಹೋದವರ ಲೆಕ್ಕ ಎಲ್ಲಿ? ಇಷ್ಟೇ ಜನರನ್ನು ನೋಡಿ ಇಷ್ಟು ದೊಡ್ಡ ಮಾತಾ? ಒಂದೊಂದಕ್ಕೂ ಉತ್ತರ ಬರೆದು, ಲೇಖನ ತಿದ್ದಿ ಮತ್ತೆ ಕಳಿಸಬೇಕು. ಬೈಗುಳ ಅನ್ನಿಸಿದರೂ ಲೇಖನ ಚೆನ್ನಾಗುವುದು ಈ ಹಂತದಲ್ಲೇ. ಕೊನೆಯ ಮಾತು ಮಾತ್ರ ಸಂಪಾದಕರದು.

ಈ ಪರೀಕ್ಷಕರನ್ನೇ ಪರೀಕ್ಷೆ ಮಾಡಿದವರೂ ಇದ್ದಾರೆ. ಬ್ರಿಟನ್ನಿನ ಬಿಎಂಜೆ ಪತ್ರಿಕೆಯವರು ಒಂದು ಲೇಖನದಲ್ಲಿ ಬೇಕಂತಲೇ 8 ತಪ್ಪು ಸೇರಿಸಿ 420 ರಿವ್ಯೂವರ್‌ಗಳಿಗೆ ಕಳಿಸಿದರು. 221 ಮಂದಿ ಉತ್ತರಿಸಿದರು. ಒಬ್ಬೊಬ್ಬರು ಹಿಡಿದದ್ದು ಸರಾಸರಿ 2 ತಪ್ಪು. ಐದಕ್ಕಿಂತ ಜಾಸ್ತಿ ಯಾರೂ ಹಿಡಿಯಲಿಲ್ಲ. 1998ರಲ್ಲಿ ಪ್ರಕಟವಾದ ಲೆಕ್ಕ ಇದು. ಕಣ್ಣೆದುರು ಇದ್ದ ತಪ್ಪಿಗೇ ಹೀಗೆ. ಕಾಣದ ಚೀಲದ ಕಥೆ ಏನು?

ಅದು 2020ರ ಮೇ ತಿಂಗಳಲ್ಲಿ ಗೊತ್ತಾಯಿತು. ಹೈಡ್ರಾಕ್ಸಿಕ್ಲೋರೊಕ್ವಿನ್ ಅನ್ನುವ ಮಲೇರಿಯಾ ಮಾತ್ರೆ ತಗೊಂಡ ಕೋವಿಡ್ ರೋಗಿಗಳಲ್ಲಿ ಸಾವು ಜಾಸ್ತಿ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನ ಬಂತು. 671 ಆಸ್ಪತ್ರೆ, 96,000 ರೋಗಿಗಳು! ವಿಶ್ವ ಆರೋಗ್ಯ ಸಂಸ್ಥೆ ಆ ಮಾತ್ರೆಯ ಪ್ರಯೋಗವನ್ನೇ ಸ್ವಲ್ಪ ದಿನ ನಿಲ್ಲಿಸಿತು. ಆಮೇಲೆ ಓದುಗರು ಕೂತು ಲೆಕ್ಕ ಹಾಕಿದರು. ಆಸ್ಟ್ರೇಲಿಯಾದ ಸಾವಿನ ಸಂಖ್ಯೆ ಅಲ್ಲಿನ ಸರ್ಕಾರದ ಲೆಕ್ಕಕ್ಕಿಂತ ಹೆಚ್ಚಿತ್ತು. ಮೂಲ ದಾಖಲೆ ಕೇಳಿದರೆ ಅದನ್ನು ಇಟ್ಟುಕೊಂಡಿದ್ದ ಕಂಪನಿ ಕೊಡಲಿಲ್ಲ. ಎರಡು ವಾರದೊಳಗೆ ಮೂವರು ಲೇಖಕರು ಲೇಖನ ಹಿಂತೆಗೆದುಕೊಂಡರು.

ಆ ಬಳಿಕ ಲ್ಯಾನ್ಸೆಟ್ ನಿಯಮ ಬದಲಿಸಿತು. ಮೂಲ ದಾಖಲೆಯನ್ನು ಒಬ್ಬರಿಗಿಂತ ಹೆಚ್ಚು ಲೇಖಕರು ತಾವೇ ನೋಡಿ ಪರಿಶೀಲಿಸಿರಬೇಕು. ಅಂದರೆ ಚೀಲಕ್ಕೆ ಕೈ ಹಾಕುವುದು ಈಗಲೂ ಮಾರುವವರ ಕಡೆಯವರೇ.